ನಿಂತ ಗಾಡಿಯ ಬಾಡಿಗೆದಾರರು

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಹಾಸಿಗೆ, ಒಲೆ ಎಲ್ಲ ಇರುವ ಪುಟ್ಟ ಕ್ಯಾಂಪಿಂಗ್ ಟ್ರೈಲರ್ ಓಡುವಾಗ ಕೊಡುವ ಉಪದ್ರ ಕಡಿಮೆ. ನಿಂತಾಗ ಕೊಡುವುದೇ ಜಾಸ್ತಿ. ಅದರಲ್ಲೂ ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಯಲ್ಲಿ ನಿಂತರೆ ಕೇಳುವುದೇ ಬೇಡ.

2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ಒಂದು ನೀತಿ ತಂದಾಗ ಭಾವ, "ಇನ್ನು ನಿನ್ನ ಡಬ್ಬಿಗೂ ಮರ್ಯಾದೆ ಬಂತು ಮಾರಾಯ" ಎಂದಿದ್ದ. ಮರ್ಯಾದೆ ಬಂದದ್ದು ಕಾಗದದಲ್ಲಿ. ಮನೆಯಲ್ಲಿ ಅದಕ್ಕೆ ನಿಲ್ಲಲು ಜಾಗವೇ ಇಲ್ಲ. ದೀಪಾವಳಿ ಕಳೆದ ಮೇಲೆ ಅಂಗಳ ಅಡಿಕೆಯದ್ದು. ಡಬ್ಬಿ ಹಟ್ಟಿಯ ಹಿಂದೆ.

ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಒಳ್ಳೆಯದೇ. ಆದರೆ ಗಾಳಿ ಹಟ್ಟಿಯ ಕಡೆ ಬೀಸಿದ ದಿನ ನನ್ನ ಬಿಳಿ ಡಬ್ಬಿ ಸಂಜೆಗೆ ನೀಲಿ ಚುಕ್ಕೆಯದ್ದಾಯಿತು. ಉಜ್ಜಿ ತೊಳೆಯಲು ಡಬ್ಬಿಯ ಮಾಡಿನ ಮೇಲೆ ಹತ್ತಿದೆ. ನೀರು ಒಳಗೆ ಬಾರದಂತೆ ಕಿಟಕಿ ಸುತ್ತ ಹಚ್ಚಿದ ಸೀಲಂಟ್ ಬಿರಿದದ್ದು ಕಂಡದ್ದು ಆಗಲೇ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರಿದು. ಕೂದಲೆಳೆಯಷ್ಟು ಬಿರುಕು ಸಾಕು, ಹಾಸಿಗೆಗೆ ಬೂಸ್ಟು ಬರಲು. ಹಾಗೆ ನೋಡಿದರೆ ಆ ಮೈಲುತುತ್ತಿಗೆ ಒಂದು ಥ್ಯಾಂಕ್ಸ್ ಹೇಳಬೇಕು.

ಟಯರಿನದ್ದು ಬೇರೆ ಕತೆ. ಟಯರ್ ಅಂಗಡಿಯವನು ನೋಡಿ "ಹೊಸತೇ ಉಂಟಲ್ಲ ಭಟ್ರೇ" ಎಂದ. ಮೇಲಿನ ಗೆರೆಗಳು ಹೊಸತೇ. ಆದರೆ ಬದಿಯಲ್ಲಿ ಒತ್ತಿದ ನಾಲ್ಕು ಅಂಕಿ ನೋಡಬೇಕು. 1715 ಅಂತ ಇದ್ದರೆ 2015ರ 17ನೇ ವಾರ ತಯಾರಾದದ್ದು. ನಿಂತ ಟಯರು ಸವೆಯುವುದಿಲ್ಲ, ಬಿಸಿಲಿಗೆ ಸೀಳುತ್ತದೆ. ಬ್ಯಾಟರಿಗೂ ನಿಲ್ಲುವುದೆಂದರೆ ಆಗದು. ಪೂರ್ತಿ ಚಾರ್ಜ್ ಆದರೆ 12.6 ವೋಲ್ಟ್ ಹತ್ತಿರ ತೋರಿಸಬೇಕು. ಆಗಾಗ ಚಾರ್ಜ್ ಹಾಕದೆ ಇಟ್ಟರೆ ಅದರ ಜೀವ ಹೋದ ಹಾಗೆಯೇ.

ಇದೆಲ್ಲ ಸಹಿಸಬಹುದು. ಅಮ್ಮನ ಸಂಶೋಧನೆಯದ್ದೇ ದೊಡ್ಡ ವಿಷಯ.

ಮೇ ತಿಂಗಳ ಮಧ್ಯಾಹ್ನ ಬಾಗಿಲು ಹಾಕಿದ ಟ್ರೈಲರಿನೊಳಗೆ ಕೈ ಇಡಲಾಗದಷ್ಟು ಬಿಸಿ. ಕಾಗೆ ಇಲ್ಲ, ಕೋಳಿ ಇಲ್ಲ, ದಿಢೀರ್ ಮಳೆಯ ಹೆದರಿಕೆ ಇಲ್ಲ. ಹಲಸಿನ ಹಪ್ಪಳ ಒಣಗಿಸಲು ಇದಕ್ಕಿಂತ ಒಳ್ಳೆ ಜಾಗ ಯಾವುದು? ನಾನು ಏನೋ ಹುಡುಕಲು ಬಾಗಿಲು ತೆಗೆದಾಗ ಹಾಸಿಗೆ, ಮೇಜು, ಸಿಂಕಿನ ಮುಚ್ಚಳ, ಎಲ್ಲದರ ಮೇಲೂ ಚಾಪೆ ಹಾಸಿ ಸಾಲಾಗಿ ಹಪ್ಪಳ. ಕೊತ್ತಂಬರಿ, ಮೆಣಸಿನ ಘಾಟು ಮೂಗಿಗೆ ಹೊಡೆಯಿತು. "ಸುಮ್ನೆ ನಿಂತದ್ದಲ್ವಾ" ಎಂದರು ಅಮ್ಮ.

ಹಪ್ಪಳ ಒಣಗಿತು, ಡಬ್ಬ ಸೇರಿತು. ಪರಿಮಳ ಮಾತ್ರ ಅಲ್ಲೇ ಉಳಿಯಿತು. ಅದನ್ನು ಹಿಡಿದು ಇಲಿ ಬಂತು. ಹಪ್ಪಳ ಸಿಗದ ಸಿಟ್ಟಿಗೆ ವಯರು ತಿಂದಿತು. ಅದೂ ಸರಿಯಾಗಿ ನೋಡಿ ಹಿಂದಿನ ದೀಪಗಳ ಅರ್ತಿಂಗ್ ವಯರನ್ನೇ. ಅರ್ತಿಂಗ್ ಹೋದರೆ ಕರೆಂಟು ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಮಿಣುಕುತ್ತಿತ್ತು. ಎಡಕ್ಕೆ ತಿರುಗುವೆ ಎಂದರೆ ಹಿಂದಿನ ದೀಪ ಪೂರ್ತಿ ಮಂಕಾಗುತ್ತಿತ್ತು. ಹಿಂದೆ ಬರುವವನು ಏನು ತಿಳಿದುಕೊಳ್ಳಬೇಕು ಹೇಳಿ.

ಕುಂಬಳೆಯ ಮೆಕ್ಯಾನಿಕ್ ಕೆಳಗೆ ಮಲಗಿ ಟಾರ್ಚ್ ಬಿಟ್ಟು "ಶರಿಯಾಕ್ಕಾಂ" ಎಂದ. ಸರಿ ಮಾಡುವ ಎಂದು ಮಲಯಾಳದಲ್ಲಿ. ನನ್ನ ಅನುಭವದಲ್ಲಿ ಈ ಮಾತಿಗೆ ತಾರೀಕು ಇರುವುದಿಲ್ಲ. ಆದರೂ ಪುಣ್ಯಾತ್ಮ ಸರಿ ಮಾಡಿದ.

ಗ್ಯಾಸಿನ ಒಲೆ ಮಾತ್ರ ಹಳದಿ ಜ್ವಾಲೆ ಕಕ್ಕುತ್ತಿತ್ತು. ಬಿಚ್ಚಿ ನೋಡಿದರೆ ಬರ್ನರಿಗೆ ಗಾಳಿ ಹೋಗುವ ತೂತಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿತ್ತು. ಒಟ್ಟಿನಲ್ಲಿ ನಾವು ಬಿಟ್ಟು ಉಳಿದವರೆಲ್ಲ ಅದರಲ್ಲಿ ಕ್ಯಾಂಪಿಂಗ್ ಮಾಡಿ ಆಗಿತ್ತು.

ಈ ಬೇಸಿಗೆಗೆ ಬೇರಿಂಗಿಗೆ ಗ್ರೀಸ್ ತುಂಬಿ, ಹೊಸ ಟಯರ್ ಹಾಕಿಸಿ, ಬೇಕಲದ ಕಡಲ ಬದಿಗೆ ಹೋಗೋಣ ಎಂದು ಎಲ್ಲ ತಯಾರಿ ಮಾಡಿದೆ. ಉಪ್ಪು ಗಾಳಿಗೆ ಚಾಸಿ ತುಕ್ಕು ಹಿಡಿಯದಂತೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಬೇಕೆಂದು ಪೈಪನ್ನೂ ಎದುರಿಗೇ ಇಟ್ಟೆ. ಹೊರಡುವ ದಿನ ಬೆಳಿಗ್ಗೆ ಕಾರಿಗೆ ಕಟ್ಟಲು ಹೋದರೆ ಅಮ್ಮ ಓಡಿ ಬಂದರು.

"ನೀವೆಲ್ಲ ಕಾರಲ್ಲೇ ಹೋಗಿ ಬನ್ನಿ. ಹಲಸಿನ ಬೀಜದ ಸಾಂತಾಣಿ ಇನ್ನೂ ಒಣಗಲಿಲ್ಲ."