ಬರುವುದಿಲ್ಲವೆಂದರೆ ಶೇಕಡಾ 98.2

ಬಿರುಗಾಳಿಯ ಮುನ್ಸೂಚನೆಗಳಲ್ಲೆಲ್ಲ ಅತ್ಯಂತ ಸುರಕ್ಷಿತವಾದದ್ದು ಯಾವುದೆಂಬ ಪ್ರಶ್ನೆ ಅಮೆರಿಕದಲ್ಲಿ 1884ರಷ್ಟು ಹಿಂದೆಯೇ ಇತ್ಯರ್ಥವಾಗಿದೆ. ಆಗ ಹವಾಮಾನದ ಹೊಣೆ ಹೊತ್ತಿದ್ದ ಸೇನೆಯ ಸಂದೇಶ ವಿಭಾಗವಾದ ಸಿಗ್ನಲ್ ಕೋರ್‌ನಲ್ಲಿದ್ದ ಜಾನ್ ಪಾರ್ಕ್ ಫಿನ್ಲೆ ರಾಕಿ ಪರ್ವತಗಳ ಪೂರ್ವದ ಸೀಮೆಯನ್ನು ವಲಯಗಳಾಗಿ ವಿಂಗಡಿಸಿ, ಸುಂಟರಗಾಳಿ ಎಲ್ಲಿ ಏಳುತ್ತದೆ, ಎಲ್ಲಿ ಏಳುವುದಿಲ್ಲ ಎಂದು ಒಟ್ಟು 2,803 ಮುನ್ಸೂಚನೆಗಳನ್ನು ಕೊಟ್ಟು, ಅವುಗಳಲ್ಲಿ ಶೇ. 96.6 ಸರಿಯಾದವೆಂದು ಲೆಕ್ಕ ಒಪ್ಪಿಸಿದರು. ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅದೇ ಲೆಕ್ಕವನ್ನು ಪರಿಶೀಲಿಸಿ, ಆಕಾಶದತ್ತ ಕಣ್ಣೆತ್ತಿಯೂ ನೋಡದೆ ದಿನವೂ ‘ಬರುವುದಿಲ್ಲ’ ಎಂದಿದ್ದರೆ ಶೇ. 98.2 ಸಿಗುತ್ತಿತ್ತೆಂದು ತೋರಿಸಿಕೊಟ್ಟರು. ಸುಂಟರಗಾಳಿ ಎದ್ದ 51 ಸಂದರ್ಭಗಳಲ್ಲಿ 28ನ್ನು ಫಿನ್ಲೆ ಮೊದಲೇ ಹೇಳಿದ್ದರು. ತಂತಿ ಸಂದೇಶದ ಕಾಲಕ್ಕೆ ಅದು ಅಸಾಧಾರಣವೇ ಸರಿ, ಆದರೆ ಶೇಕಡಾವಾರಿನ ಮುಂದೆ ಅಂಥ ಕ್ಷುಲ್ಲಕ ಸಂಗತಿಯನ್ನು ಯಾರು ಗಣಿಸುತ್ತಾರೆ?

ಮೇಲಧಿಕಾರಿಗಳು ಇದರಿಂದ ಪಾಠ ಕಲಿತರು. 1880ರ ದಶಕ ಮುಗಿಯುವುದರೊಳಗೆ, ಸುಂಟರಗಾಳಿ ಮಾಡುವ ಹಾನಿಗಿಂತ ಅದು ಬರುತ್ತದೆಂಬ ಮಾತು ಹುಟ್ಟಿಸುವ ಗಾಬರಿಯ ಹಾನಿಯೇ ದೊಡ್ಡದೆಂದು ತೀರ್ಮಾನಿಸಿ, ಮುನ್ಸೂಚನೆಯಲ್ಲಿ ಆ ಹೆಸರೆತ್ತುವುದನ್ನೇ ನಿಷೇಧಿಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಾನ್ಸಸ್, ಒಕ್ಲಹೋಮಗಳ ಬಯಲಿನಲ್ಲಿ ಮನೆಗಳ ಮಾಡು ಹಾರಿಹೋಗುವುದು ಮಾತ್ರ ನಿಲ್ಲಲಿಲ್ಲ.

1948ರ ಮಾರ್ಚ್ 20ರ ರಾತ್ರಿ ಒಕ್ಲಹೋಮದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಅಪ್ಪಳಿಸಿ ವಿಮಾನಗಳನ್ನು ನುಚ್ಚುನೂರು ಮಾಡಿತು. ವಿಚಾರಣಾ ಮಂಡಳಿಯು ತಡಮಾಡದೆ ಸೇರಿ, ಇದು ದೈವಕೃತ್ಯ, ಇಂಥದ್ದನ್ನು ಮುಂಚಿತವಾಗಿ ಹೇಳುವುದು ಮನುಷ್ಯಸಾಧ್ಯವಲ್ಲ ಎಂದು ನಿರ್ಣಯಿಸಿತು. ದೈವವನ್ನು ಅಮಾನತಿನಲ್ಲಿಡಲು ನಿಯಮವಿರಲಿಲ್ಲವಾದ್ದರಿಂದ ಕಡತ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ನೆಲೆಯ ಹವಾಮಾನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್, 25ರಂದು ನಕ್ಷೆಗಳಲ್ಲಿ ಹಿಂದಿನ ಘಟನೆಯ ದಿನದ್ದೇ ಲಕ್ಷಣಗಳನ್ನು ಕಂಡು, ಮಧ್ಯಾಹ್ನವೇ ಎಚ್ಚರಿಕೆ ನೀಡಿದರು. ಸಂಜೆ ಸುಂಟರಗಾಳಿ ಅದೇ ನೆಲೆಗೆ ಬಂದು ಹಾಜರಿ ಹಾಕಿತು. ಮನುಷ್ಯಮಾತ್ರದವರಿಗೆ ಅಸಾಧ್ಯವಾದದ್ದು ಐದೇ ದಿನಗಳಲ್ಲಿ ಸಾಧ್ಯವಾಗಿಬಿಟ್ಟಿತು. ಇಷ್ಟಾದ ಮೇಲೂ ನಾಗರಿಕ ಹವಾಮಾನ ಇಲಾಖೆಯ ಮುಖ್ಯಸ್ಥರು ಅಂಥ ಮುನ್ಸೂಚನೆಗೆ ಅಡ್ಡಿಯಿಲ್ಲವೆಂದು ಸುತ್ತೋಲೆ ಹೊರಡಿಸಲು 1950ರ ಜುಲೈ ಬರಬೇಕಾಯಿತು.

ಗಾಳಿಯ ಕಡೆಯಿಂದಲೂ ತಂಟೆ ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಮೆಕ್ಸಿಕೊ ಕೊಲ್ಲಿಯಿಂದ ಬರುವ ತೇವದ ಗಾಳಿ ಬಯಲಿನ ಮೇಲೆ ಹರಡಿಕೊಂಡರೆ, ಪಶ್ಚಿಮದ ಎತ್ತರದ ನೆಲದಿಂದ ಬರುವ ಬಿಸಿಯಾದ ಒಣಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಮುಚ್ಚಳ ತಡೆದರೆ ದಿನವಿಡೀ ನೀಲಿ ಆಕಾಶ. ಒಡೆದರೆ ಸ್ವಲ್ಪ ಹೊತ್ತಿನಲ್ಲೇ ಮೋಡದ ನೆತ್ತಿ ಹದಿನೈದು ಕಿಲೋಮೀಟರ್ ತಲುಪಿ, ಮಧ್ಯರಾತ್ರಿಯ ಹೊತ್ತಿಗೆ ಬಿರುಗಾಳಿಗಳ ಸಾಲು ಮಿಸಿಸಿಪ್ಪಿ ಕಣಿವೆಯತ್ತ ನುಗ್ಗುತ್ತಿರುತ್ತದೆ. ಆದ್ದರಿಂದ ಪ್ರಾಮಾಣಿಕ ಮುನ್ಸೂಚಕನು, ಯಾವುದೇ ಒಂದು ಸ್ಥಳದಿಂದ 25 ಮೈಲಿಯೊಳಗೆ ಹಾನಿಕರ ಗಾಳಿ ಬೀಸುವ ಸಂಭವ ಶೇ. 30 ಎನ್ನುತ್ತಾನೆ. ಬಂದರೆ ‘ಮೊದಲೇ ಏಕೆ ಹೇಳಲಿಲ್ಲ’, ಬರದಿದ್ದರೆ ‘ಸುಮ್ಮನೆ ಹೆದರಿಸಿದಿರಿ’ ಎಂದು ಬೈಯುವ ಸವಲತ್ತನ್ನು ಸಾರ್ವಜನಿಕರು ಎರಡೂ ಕಡೆ ಕಾಯ್ದಿರಿಸಿಕೊಂಡಿರುತ್ತಾರೆ.

ಈ ಶೇಕಡಾವಾರು ಜನರಿಗೆ ಅರ್ಥವಾಗುವುದಿಲ್ಲವೆಂದು ಒಕ್ಲಹೋಮದ ನಾರ್ಮನ್‌ನಲ್ಲಿರುವ ಬಿರುಗಾಳಿ ಮುನ್ಸೂಚನಾ ಕೇಂದ್ರವು ಅಪಾಯದ ಮೆಟ್ಟಿಲುಗಳನ್ನು ಇಟ್ಟುಕೊಂಡಿದೆ. ಮೊದಲಿದ್ದವು ಅಲ್ಪ, ಮಧ್ಯಮ, ಅಧಿಕ ಎಂಬ ಮೂರೇ. ಅವು ಸಾಲವೆನಿಸಿ 2014ರಲ್ಲಿ ಅಲ್ಪದ ಕೆಳಗೊಂದು, ಮೇಲೆ ‘ವರ್ಧಿತ’ವೆಂಬ ಇನ್ನೊಂದು ಮೆಟ್ಟಿಲನ್ನು ಸೇರಿಸಲಾಯಿತು. ಹಳೆಯವನ್ನು ಕದಲಿಸುವ ಗೋಜಿಗೆ ಹೋಗದಿದ್ದುದರಿಂದ ಐದರಲ್ಲಿ ‘ಮಧ್ಯಮ’ವು ನಾಲ್ಕನೆಯದಾಗಿ, ಆ ‘ವರ್ಧಿತ’ದ ತಲೆಯ ಮೇಲೆ ಕುಳಿತಿದೆ. ವರ್ಷದಲ್ಲಿ ಕೆಲವೇ ದಿನ ಘೋಷಿಸುವ ಈ ‘ಮಧ್ಯಮ’ದ ಅರ್ಥ, ವ್ಯಾಪಕವಾದ ಉಗ್ರ ಬಿರುಗಾಳಿಗಳ ಸಂಭವ ಹೆಚ್ಚು ಎಂದು. ನಕ್ಷೆಯಲ್ಲಿ ಅದಕ್ಕೆ ಬಳಿಯುವ ಬಣ್ಣ ಅಪ್ಪಟ ಕೆಂಪು. ಹೀಗಾಗಿ ಓದು ಬಲ್ಲ ಯಜಮಾನನು ‘ಮಧ್ಯಮ ತಾನೆ’ ಎಂದು ನಿಶ್ಚಿಂತೆಯಿಂದ ಹೊಲದತ್ತ ಹೊರಟರೆ, ಇನ್ನೂ ಅಕ್ಷರ ಕಲಿಯದ ಅವನ ಮಗು ಮಾತ್ರ ಮುನ್ಸೂಚನೆಯನ್ನು ಸರಿಯಾಗಿ ಗ್ರಹಿಸಿ ನೆಲಮಾಳಿಗೆಯ ಬಾಗಿಲು ತಟ್ಟುತ್ತದೆ.