ಸದ್ದು ಮಾಡ್ಬೇಡ ಮಾರಾಯ!

ಮೀನಿಗೆ ಹೊರಗೆ ಕಾಣುವ ಕಿವಿ ಇಲ್ಲ. ಆದರೂ ದಡದಲ್ಲಿ ಧಪ್ ಅಂತ ಕಾಲಿಟ್ಟರೆ ಅದಕ್ಕೆ ಗೊತ್ತಾಗುತ್ತದೆ. ಮೈಯ ಎರಡೂ ಪಕ್ಕ ಉದ್ದಕ್ಕೆ ಒಂದು ಗೆರೆ ಇರುತ್ತದಲ್ಲ, ನೀರು ಸ್ವಲ್ಪ ನಡುಗಿದರೂ ಅದು ಸುದ್ದಿ ಮುಟ್ಟಿಸುತ್ತದೆ. ಇದನ್ನೆಲ್ಲ ಹೇಳಿದ್ದು ನಮ್ಮ ಭಾವ. ಸ್ಕಾಟ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ಸಣ್ಣ ತೊರೆಗಳಲ್ಲಿ ಟ್ರೌಟ್ ಅನ್ನುವ ಮೀನು ಹಿಡಿಯುವ ಹುಚ್ಚು ಹತ್ತಿತಂತೆ. ಊರಿಗೆ ಬಂದರೂ ಇಳಿದಿಲ್ಲ.

ಕೊಡಗಿನ ನಮ್ಮ ಕಾಫಿ ತೋಟದ ತೋಡಿನಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಅದಕ್ಕೆ ತಣ್ಣನೆ ನೀರೇ ಬೇಕು. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ನೋಡಬೇಕೆಂದರೆ ನೀಲಗಿರಿಯ ಅವಲಾಂಚಿ ಕಡೆ ಹೋಗಬೇಕು. ಇಲ್ಲಿರುವುದು ಬೆರಳುದ್ದದ ಮೀನು, ಆಮೇಲೆ ಏಡಿ. "ಮೀನು ಯಾವುದಾದ್ರೇನು, ವಿದ್ಯೆ ಒಂದೇ" ಅಂದರು ಭಾವ.

ಈ ವಿದ್ಯೆಗೆ ಎರೆಹುಳ ಆಗದು. ಗಾಳಕ್ಕೆ ಹುಂಜದ ಕುತ್ತಿಗೆಯ ಗರಿ ಸುತ್ತಿ, ನೀರಿನ ಮೇಲೆ ತೇಲುವ ನೊಣ ಮಾಡಬೇಕು. ಅದೇ ಡ್ರೈ ಫ್ಲೈ. ಗಾಳದ ನಂಬರ್ ಏರಿದಷ್ಟೂ ಗಾತ್ರ ಇಳಿಯುತ್ತದೆ. ಭಾವ ಹಿಡಿದದ್ದು 16ನೇ ನಂಬರ್, ಕನ್ನಡಕ ಇಲ್ಲದೆ ಕಾಣದು. ಕೈಲ್ ಮುಹೂರ್ತದ ಹಬ್ಬದೂಟದಲ್ಲಿ ಹೇಗೋ ಜೀವ ಉಳಿಸಿಕೊಂಡಿದ್ದ ಅಕ್ಕನ ಹುಂಜ ಈ ನೊಣಕ್ಕಾಗಿ ಅಂಗಳವಿಡೀ ಓಡಿ, ಕೊನೆಗೆ ಕುತ್ತಿಗೆ ಬೋಳಿಸಿಕೊಂಡಿತು. ಅಕ್ಕ ಆ ದಿನ ಭಾವನ ಜೊತೆ ಮಾತಾಡಲಿಲ್ಲ.

ತುಲಾ ಸಂಕ್ರಮಣ ಕಳೆದು ತೋಡಿನ ನೀರು ತಿಳಿಯಾಗಿತ್ತು. ತಿಳಿನೀರೆಂದರೆ ಮೀನಿಗೆ ನಾವೂ ಚೆನ್ನಾಗಿ ಕಾಣುತ್ತೇವೆ. ಮೀನು ಹರಿವಿಗೆ ಎದುರಾಗಿ ನಿಂತು, ತೇಲಿ ಬರುವ ಹುಳ ಕಾಯುತ್ತದೆ. ಹಾಗಾಗಿ ನಾವು ಕೆಳಗಿನಿಂದ, ಅದರ ಬೆನ್ನ ಕಡೆಯಿಂದ ಹೋಗಬೇಕು. ನೆರಳು ನೀರಿಗೆ ಬೀಳಬಾರದು. ಭಾವ ಮಂಡಿಯೂರಿ, ಮಣ್ಣು ಬಣ್ಣದ ಅಂಗಿ ಹಾಕಿಕೊಂಡು ಕಾಫಿ ಗಿಡಗಳ ಸಂದಿಯಲ್ಲಿ ತೆವಳತೊಡಗಿದರು. ಹಿಂದೆ ನಾನು. ಮನೆಮನೆಯಲ್ಲಿ ಕೋವಿ ಇರುವ ಊರಿನಲ್ಲಿ ಹೀಗೆ ನಾಲ್ಕು ಕಾಲಲ್ಲಿ ಓಡಾಡುವುದು ಅಷ್ಟೇನೂ ಒಳ್ಳೆಯದಲ್ಲ. ಒಂದು ಜಿಗಣೆ ನನ್ನ ಕಾಲ್ಬೆರಳ ಸಂದಿಯಲ್ಲಿ ಆರಾಮಾಗಿ ಕೂತಿತ್ತು. "ಸದ್ದು ಮಾಡ್ಬೇಡ ಮಾರಾಯ!" ಅಂತ ಭಾವ ಪಿಸುಗುಟ್ಟಿದರು.

"ಸಾವ್ಕಾರ್ರೇ, ಏನಾದ್ರೂ ಬಿದ್ದುಹೋಯ್ತಾ?"

ತೋಟದ ಕೆಲಸದ ಅಣ್ಣ. ಪಾಪ, ಒಳ್ಳೆ ಮನಸ್ಸು. ಉತ್ತರಕ್ಕೂ ಕಾಯದೆ ಪಂಚೆ ಎತ್ತಿಕಟ್ಟಿ ತೋಡಿಗಿಳಿದು, ಕಲ್ಲು ಮಗುಚಿ ಮಗುಚಿ ಹುಡುಕತೊಡಗಿದ. "ಉಂಗುರವಾ?" ಅಂತ ಬೇರೆ ಕೇಳಿದ. ನೀರು ಕಾಫಿ ಬಣ್ಣಕ್ಕೆ ತಿರುಗಿತು.

ಇನ್ನೂ ಮೇಲಿನ ಗುಂಡಿಗೆ ಹೋದೆವು. ಅಲ್ಲಿ ಮೀನು ಇತ್ತು, ಕಣ್ಣಾರೆ ನೋಡಿದೆ. ಭಾವ ಕೋಲು ಹಿಂದಕ್ಕೆ ಬೀಸಿದರು. ದಾರ ಸಿಲ್ವರ್ ಓಕಿಗೆ ಹಬ್ಬಿದ್ದ ಮೆಣಸಿನ ಬಳ್ಳಿ ಸೇರಿತು. ಬಿಡಿಸಿ ಮತ್ತೆ ಬೀಸಿದರು. ಈ ಸಲ ಬಳ್ಳಿಗೆ ಏನೂ ಆಗಲಿಲ್ಲ. ನನ್ನ ಕಿವಿಗೆ ಚುರ್ ಅಂತು.

ಮೀನಿಗೆ ಜಾಸ್ತಿ ಗಾಯ ಆಗಬಾರದು ಅಂತ ಭಾವ ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿಬಿಟ್ಟಿದ್ದರು. ಅದಕ್ಕೇ ಸಲೀಸಾಗಿ ಹೊರಬಂತು. ನೊಣ ಮಾತ್ರ ಸ್ವಲ್ಪವೂ ಕೆಡಲಿಲ್ಲ ಅಂತ ಅವರಿಗೆ ಖುಷಿಯೋ ಖುಷಿ.

ಮನೆಯಲ್ಲಿ ಅಕ್ಕ ಮೀನು ಸಾರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ತೆಗೆದಿಟ್ಟು ಕಾದಿದ್ದಳು. "ಏನ್ ಸಿಕ್ತು?"

"ನಿನ್ ತಮ್ಮ. ಹಿಡಿದು ಬಿಟ್ಟುಬಿಟ್ಟೆ."

"ಯಾಕ್ರೀ ಬಿಟ್ರಿ? ಕಾಫಿ ಕುಯ್ಲಿಗೆ ಒಬ್ರೂ ಸಿಗ್ತಿಲ್ಲ!"