ಮೊದಲು ಮಶೀನು ಎಣಿಸಿ

ಕ್ಯಾನ್ಸರ್ ಹೆಚ್ಚುತ್ತಿದೆ, ರೇಡಿಯೇಷನ್ ಡಾಕ್ಟರಿಗೆ ಕೆಲಸಕ್ಕೇನು ಬರ? ಪಿಜಿ ಸೀಟು ಆರಿಸುವ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮ, ಹೀಗೆ ಲೆಕ್ಕ ಹಾಕುತ್ತಾರೆ. ನಾವಿರುವ ಅಮೆರಿಕದಲ್ಲೂ ಇದೇ ಲೆಕ್ಕ ನಡೆದಿತ್ತು. ವೈದ್ಯರು ಸಾಲುವುದಿಲ್ಲ ಎಂದು 2010ರ ಅಂದಾಜು ಹೇಳಿತು. ಪಿಜಿ ತರಬೇತಿಯ, ಅಂದರೆ ರೆಸಿಡೆನ್ಸಿಯ, ಸೀಟು ಏರುತ್ತಲೇ ಹೋಯಿತು. 2016ರಲ್ಲಿ ಮತ್ತೆ ಕೂಡಿ ಕಳೆದರೆ ಬೇಡಿಕೆಗಿಂತ ವೈದ್ಯರೇ ಜಾಸ್ತಿಯಾಗುವಂತೆ ಕಂಡಿತು. ಒಂದು ಕಾಲಕ್ಕೆ ಎಟುಕದಿದ್ದ ಸೀಟುಗಳು 2019ರ ಸೀಟು ಹಂಚಿಕೆಯ ಮ್ಯಾಚ್‌ನಲ್ಲಿ ಖಾಲಿ ಉಳಿದವು.

ರೋಗಿಗಳೇನೂ ಕಡಿಮೆಯಾಗಲಿಲ್ಲ, ಒಬ್ಬೊಬ್ಬರೂ ಮಶೀನಿನಡಿ ಮಲಗುವ ದಿನಗಳು ಕಡಿಮೆಯಾದವು. ಸ್ತನ ಕ್ಯಾನ್ಸರಿಗೆ ಮೊದಲು 25 ಫ್ರಾಕ್ಷನ್‌ಗಳಲ್ಲಿ (ದಿನಕ್ಕೊಂದರಂತೆ ಕೊಡುವ ಕಂತು) 50 ಗ್ರೇ (ಕಿರಣದ ಡೋಸಿನ ಅಳತೆ). ಆಮೇಲೆ 15ರಲ್ಲಿ 40. ಆರಿಸಿದ ರೋಗಿಗಳಿಗೆ 5 ಫ್ರಾಕ್ಷನ್‌ಗಳಲ್ಲಿ 26 ಗ್ರೇ, ಒಂದೇ ವಾರ, ಸಾಕೆಂದು 2020ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. ಅಮೆರಿಕದಲ್ಲಿ ವೈದ್ಯರ ಮೇಲ್ವಿಚಾರಣೆಯ ಬಿಲ್ಲು ಐದು ಫ್ರಾಕ್ಷನ್‌ಗೆ ಒಂದು. ಐದು ಬಿಲ್ಲಿದ್ದಲ್ಲಿ ಈಗ ಒಂದು. ಸ್ಕ್ಯಾನಿನ ಮೇಲೆ ಕಿರಣ ಬೀಳಬೇಕಾದ ಜಾಗದ ಗೆರೆ (ಕಂಟೂರ್) ಎಳೆದು ಪ್ಲ್ಯಾನ್ ಒಪ್ಪುವ ಶ್ರಮ ಮಾತ್ರ ಅಷ್ಟೇ. ಸಾಲದ್ದಕ್ಕೆ 2020ರ ಜನವರಿಯಿಂದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಆಸ್ಪತ್ರೆಗಳಲ್ಲಿನ ಮೇಲ್ವಿಚಾರಣೆಯ ನಿಯಮ ಸಡಿಲಿಸಿತು. ಸಣ್ಣ ಊರಿನ ಸೆಂಟರಿನಲ್ಲಿ ದಿನವಿಡೀ ಒಬ್ಬರನ್ನು ಕೂರಿಸುವ ಒತ್ತಾಯ ಕುಗ್ಗಿತು. ಹಾಗೆಂದು ಕೆಲಸವೇ ಇಲ್ಲ ಎನ್ನಲಾಗದು. ಬೇಕಾದ ಊರಲ್ಲಿ ಸಿಗುವುದು ಕಷ್ಟ. ಕರಾರಿನಲ್ಲಿ ನಾನ್-ಕಂಪೀಟ್ ಷರತ್ತಿದ್ದರಂತೂ (ಬಿಟ್ಟ ಮೇಲೆ ಹತ್ತಿರದಲ್ಲಿ ಪೈಪೋಟಿಗೆ ಕೆಲಸ ಮಾಡಬಾರದು ಎಂಬುದು) ಕೆಲಸ ಬಿಟ್ಟ ದಿನ ಊರನ್ನೂ ಬಿಡಬೇಕಾಗಬಹುದು.

ಕರ್ನಾಟಕದಲ್ಲಿ ಇದೇ ಐದು ದಿನದ ಚಿಕಿತ್ಸೆ ವರ. 'ಕರೆಂಟ್ ಕೊಡಿಸಲು', ಅಂದರೆ ರೇಡಿಯೇಷನ್ನಿಗೆ, ರಾಯಚೂರಿನಿಂದ ಬಂದವರು ಬೆಂಗಳೂರಿನಲ್ಲಿ ಐದು ವಾರ ರೂಮು ಹಿಡಿಯಬೇಕಿಲ್ಲ, ಅದೇ ಮಶೀನು ಇನ್ನಷ್ಟು ಜನರಿಗೆ ಒದಗುತ್ತದೆ. ಅಲ್ಲಿ ಬರ ಇರುವುದು ಮಶೀನಿಗೆ. ಎಂ.ಡಿ. ಮುಗಿಸಿ ಫಿಸಿಷಿಯನ್ನರ ಹಾಗೆ ಬಸ್‌ಸ್ಟ್ಯಾಂಡಿನೆದುರು ಬೋರ್ಡು ಹಾಕಿ ಕೂರಲಾಗುವುದಿಲ್ಲ. ಕಿರಣ ಕೊಡುವ ಮಶೀನು ಲೀನಿಯರ್ ಆಕ್ಸಿಲರೇಟರಿಗೆ (ಲಿನಾಕ್) ಕೋಟಿಗಟ್ಟಲೆ ಹಣ, ಕಿರಣ ನೇರ ಬೀಳುವ ಗೋಡೆಗೆ ಎರಡು ಮೀಟರಿನ ಆಸುಪಾಸು ಕಾಂಕ್ರೀಟು, ಅಣುಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಲೈಸೆನ್ಸು, ಮೆಡಿಕಲ್ ಫಿಸಿಸಿಸ್ಟ್, ಸೇಫ್ಟಿ ಆಫೀಸರ್, ಟೆಕ್ನಿಷಿಯನ್ನರು ಬೇಕು. ಇಷ್ಟೆಲ್ಲ ಯಾರ ಬಳಿ ಇದೆಯೋ ಅವರಲ್ಲೇ ಸಂಬಳದ ಕೆಲಸ. ಒಂದು ಅನುಕೂಲವುಂಟು: ಭಾರತದಲ್ಲಿ ಎಷ್ಟೋ ಕಡೆ ಕೀಮೋವನ್ನೂ ರೇಡಿಯೇಷನ್ ಡಾಕ್ಟರೇ ಕೊಡುತ್ತಾರೆ, ಬ್ರಿಟನ್ನಿನ ಕ್ಲಿನಿಕಲ್ ಆಂಕಾಲಜಿಸ್ಟರಂತೆ. ಅಮೆರಿಕದಲ್ಲಿ ಅದು ಬೇರೆಯವರ ಪಾಲು. ಹಾಗಾಗಿ ಪಿಜಿಯಲ್ಲಿ ಕೀಮೋ ಪೋಸ್ಟಿಂಗನ್ನು ಉದಾಸೀನ ಮಾಡುವುದು ಕೈಯಾರೆ ಕೆಲಸ ಕಳೆದುಕೊಂಡಂತೆ. ಭಾರತದ ಎಂ.ಡಿ. ಹಿಡಿದು ಅಮೆರಿಕಕ್ಕೆ ಬಂದವರು ಇಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಇಂಟರ್ನ್‌ಶಿಪ್, ನಾಲ್ಕು ವರ್ಷದ ರೆಸಿಡೆನ್ಸಿ ಮತ್ತೆ ಮಾಡಬೇಕು; ಆ ಐದು ವರ್ಷವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸೀಟು ಒಪ್ಪುವ ಮುನ್ನ ಕಾಲೇಜಿನಲ್ಲಿ ಲಿನಾಕ್ ಇದೆಯೋ ಬರೀ ಹಳೆಯ ಬಗೆಯ ಕೋಬಾಲ್ಟ್ ಮಶೀನೋ ನೋಡಿ. ವಿದ್ಯಾರ್ಥಿಗಳು ಸ್ವಂತ ಕೈಯಲ್ಲಿ ಕಂಟೂರ್ ಎಳೆಯುತ್ತಾರೋ, ಹಿಂದೆ ನಿಂತು ನೋಡುತ್ತಾರೋ ವಿಚಾರಿಸಿ. ಗರ್ಭಕೊರಳಿನ ಕ್ಯಾನ್ಸರಿಗೆ ಬೇಕಾದ ಬ್ರಾಕಿಥೆರಪಿ (ಕಿರಣದ ಸೋರ್ಸನ್ನು ಗಡ್ಡೆಯ ಬಳಿಯೇ ಇಟ್ಟು ಕೊಡುವ ಚಿಕಿತ್ಸೆ) ನಡೆಯುತ್ತಿದೆಯೇ? ಅದಕ್ಕೆ ಬಳಸುವ ಇರಿಡಿಯಂ-192 ಸೋರ್ಸ್ ಸುಮಾರು 74 ದಿನಕ್ಕೆ ಅರ್ಧ ಶಕ್ತಿಗಿಳಿಯುತ್ತದೆ. ಹೊಸ ಸೋರ್ಸಿನ ಟೆಂಡರ್ ತಡವಾದರೆ ಒಬ್ಬೊಬ್ಬರಿಗೆ ಹಿಡಿಯುವ ನಿಮಿಷ ಏರುತ್ತ ಹೋಗಿ ಕೊನೆಗೆ ಕೋಣೆಗೆ ಬೀಗ ಬೀಳುತ್ತದೆ. ಸೋರ್ಸ್ ಕೊನೆಯ ಸಲ ಬದಲಾಗಿದ್ದು ಯಾವಾಗ ಎಂದು ಎಚ್‌ಒಡಿಯನ್ನು ಬಿಟ್ಟು ಅಲ್ಲಿನ ಫಿಸಿಸಿಸ್ಟರನ್ನು ಕೇಳಿ.